ಸಾಹಿತ್ಯ ಚರಿತ್ರೆ ಯಾವ ಪ್ರಶ್ನೆಗೆ ಉತ್ತರ?

ಸಾಹಿತ್ಯ ಚರಿತ್ರೆಯನ್ನು ಬರೆಯುವವರಿಗೂ ಓದುವವರಿಗೂ ತತ್ತ್ವಶಾಸ್ತ್ರದ ಪರಿಚಯ ಇರಬೇಕೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದನ್ನು ಒಪ್ಪಿದವರೂ ಒಪ್ಪದವರೂ ಪತ್ರ ಬರೆದಿದ್ದಾರೆ. ಆರು ಪತ್ರಗಳನ್ನು ಆಯ್ದುಕೊಂಡು ಇಲ್ಲಿ ಉತ್ತರಿಸುತ್ತಿದ್ದೇನೆ. ಕೆಲವು ಉತ್ತರಗಳು ದೀರ್ಘವಾಗಿವೆ. ಪ್ರಶ್ನೆಗಳು ಅದನ್ನು ಬೇಡುವಂತಿದ್ದವು.

ಪ್ರಶ್ನೆ: ಕವಿ ಯಾರು, ಅವನ ಕಾಲ ಯಾವುದು, ಆಶ್ರಯದಾತ ಯಾರು, ಕೃತಿಗಳು ಯಾವುವು ಎಂಬಷ್ಟನ್ನು ನಾವು ಸಾಹಿತ್ಯ ಚರಿತ್ರೆಯ ತರಗತಿಯಲ್ಲಿ ಕಲಿಯುತ್ತೇವೆ. ಇದರಲ್ಲಿ ತತ್ತ್ವಶಾಸ್ತ್ರಕ್ಕೆ ಏನು ಕೆಲಸ?
– ಕನ್ನಡ ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಬ್ಬ ದಾರ್ಶನಿಕರ ಅನುಭವದಿಂದ ಆರಂಭಿಸುತ್ತೇನೆ. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಆರ್. ಜಿ. ಕಾಲಿಂಗ್‌ವುಡ್ ಅವರು ಲಂಡನ್ನಿನಲ್ಲಿ ನೌಕಾ ಇಲಾಖೆಯ ಕೆಲಸದಲ್ಲಿದ್ದರು. ನಿತ್ಯ ನಡೆದುಹೋಗುವ ದಾರಿಯಲ್ಲಿ ಆಲ್ಬರ್ಟ್ ಸ್ಮಾರಕ ಎದುರಾಗುತ್ತಿತ್ತು. ಅದು ಅವರ ಕಣ್ಣಿಗೆ ತೀರ ಕುರೂಪವಾಗಿ ಕಾಣುತ್ತಿತ್ತು. ಇಂಥದ್ದನ್ನು ಏಕೆ ಕಟ್ಟಿದರು ಎಂದು ಯೋಚಿಸುತ್ತ ಹೋದಂತೆ, ಕಟ್ಟಿದವನು ಏನನ್ನು ಸಾಧಿಸಲು ಹೊರಟಿದ್ದನೆಂಬುದೇ ತಮಗೆ ತಿಳಿದಿಲ್ಲ, ಅಲ್ಲಿ ಇರಲಾರದ ಗುಣಗಳನ್ನು ತಾವು ಅಲ್ಲಿ ಹುಡುಕುತ್ತಿರಬಹುದು ಎಂದು ಅವರಿಗೆ ಹೊಳೆಯಿತು. 1939ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ನೆನೆದು, ಒಂದು ಮಾತಿನ ಅರ್ಥ ತಿಳಿಯಬೇಕಾದರೆ ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿತೆಂಬುದನ್ನು ಮೊದಲು ತಿಳಿಯಬೇಕು ಎಂಬ ವಿಚಾರವನ್ನು ಅವರು ಮಂಡಿಸಿದರು. ನಮ್ಮ ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಎದುರಾಳಿಯ ವಾದವಾದ ಪೂರ್ವಪಕ್ಷವನ್ನು ಬಿಟ್ಟು ಸಿದ್ಧಾಂತವನ್ನು ಮಾತ್ರ ಓದಿದವನಿಗೆ ಸಿದ್ಧಾಂತವೂ ದಕ್ಕುವುದಿಲ್ಲ.

ಈಗ ನಿಮ್ಮ ತರಗತಿಗೆ ಬರೋಣ. ಕವಿ, ಕಾಲ, ಕೃತಿ, ಆಶ್ರಯದಾತ ಎಂಬ ಈ ಚೌಕಟ್ಟು ತಾನಾಗಿ ಬಂದದ್ದಲ್ಲ. 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಬಂದ 'ಕರ್ಣಾಟಕ ಕವಿಚರಿತೆ'ಯನ್ನು ನೆನೆಯಿರಿ. ಅದರ ಕರ್ತೃ ಆರ್. ನರಸಿಂಹಾಚಾರ್ಯರು ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಶಾಸನಗಳನ್ನೂ ಓಲೆಗರಿಗಳನ್ನೂ ಕೈಯಲ್ಲಿ ಹಿಡಿದು, ಯಾರು, ಎಂದು, ಎಲ್ಲಿ ಎಂದು ಕೇಳಿದವರು. ಕನ್ನಡಕ್ಕೆ ಒಂದು ಭೂತಕಾಲವಿದೆಯೆಂದು ಆಧಾರ ಸಹಿತ ತೋರಿಸಬೇಕಾಗಿದ್ದ ಕಾಲದಲ್ಲಿ ಆ ಪ್ರಶ್ನೆಗಿಂತ ಮುಖ್ಯವಾದದ್ದು ಬೇರೆ ಇರಲಿಲ್ಲ, ಮತ್ತು ಅವರ ಉತ್ತರದ ಮೇಲೆ ನಾವೆಲ್ಲ ಇಂದಿಗೂ ನಿಂತಿದ್ದೇವೆ. ಆದರೆ ನೂರು ವರ್ಷಗಳ ಅನಂತರವೂ ನಾವು ಆ ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದು, ಅದರ ಹಿಂದಿದ್ದ ಪ್ರಶ್ನೆಯನ್ನು ಮರೆತಿದ್ದರೆ, ಕವಿಯ ಕಾಲ ಗೊತ್ತಾದೊಡನೆ ಸಾಹಿತ್ಯ ಚರಿತ್ರೆಯ ಕೆಲಸ ಮುಗಿಯಿತೆಂಬ ಭ್ರಮೆ ಉಂಟಾಗುತ್ತದೆ.

ಅದೇ ಕಾಲಕ್ಕೆ ಬೇರೊಂದು ಪ್ರಶ್ನೆಯನ್ನು ಕೇಳಿದವರೂ ಇದ್ದರು. ಲಂಡನ್ ಮಿಷನ್ನಿನ ಪಾದ್ರಿ ಇ. ಪಿ. ರೈಸ್ ಅವರು ಇಂಗ್ಲಿಷಿನಲ್ಲಿ ಬರೆದ, 1921ರಲ್ಲಿ ಪರಿಷ್ಕೃತವಾಗಿ ಬಂದ ಪುಟ್ಟ ಚರಿತ್ರೆಯಲ್ಲಿ ಕನ್ನಡ ಸಾಹಿತ್ಯವು ಜೈನ, ಲಿಂಗಾಯತ, ವೈಷ್ಣವ ಎಂದು ಮತಗಳ ಹೆಸರಿನಲ್ಲಿ ವಿಂಗಡಣೆಗೊಂಡಿತು. ಧರ್ಮಪ್ರಸಾರಕ್ಕೆ ಬಂದವರು ಒಂದು ಜನತೆಯ ಸಾಹಿತ್ಯವನ್ನು ಎದುರಿಗಿಟ್ಟುಕೊಂಡಾಗ ಇವರ ಮತ ಯಾವುದು ಎಂದು ಮೊದಲು ಕೇಳುವುದು ಸಹಜ. ಅದಕ್ಕೆ ಒಂದು ಶತಮಾನ ಮೊದಲು, 1817ರಲ್ಲಿ, ಜೇಮ್ಸ್ ಮಿಲ್ಲನು ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಹಂಚಿದ್ದನ್ನೂ ಇದರೊಡನೆ ನೆನೆಯಬೇಕು. ಈ ಭಾಗೀಕರಣದಲ್ಲಿ ಪಂಪನು 'ಜೈನ ಯುಗ'ದ ಕವಿಯಾದ. ಆದರೆ 'ಬೆಳಗುವೆನಿಲ್ಲಿ ಲೌಕಿಕಮನಲ್ಲಿ ಜಿನಾಗಮಮಂ' ಎಂದು ಹೇಳಿ ತನ್ನ ಎರಡು ಕಾವ್ಯಗಳ ನಡುವೆ ತಾನೇ ಗೆರೆ ಎಳೆದವನು ಪಂಪ. 'ಆದಿಪುರಾಣ' ಆಗಮವನ್ನು ಬೆಳಗುತ್ತದೆ, 'ವಿಕ್ರಮಾರ್ಜುನ ವಿಜಯ' ಲೋಕವನ್ನು ಬೆಳಗುತ್ತದೆ. ಕವಿಯೇ ಮಾಡಿಕೊಟ್ಟ ಈ ವಿವೇಚನೆಯನ್ನು ನುಂಗಿಬಿಡುವ ಹೆಸರನ್ನು ನಾವು ದಶಕಗಳ ಕಾಲ ಪಾಠ ಹೇಳಿದೆವು. 1953ರಲ್ಲಿ ರಂ. ಶ್ರೀ. ಮುಗಳಿಯವರು ತಮ್ಮ ಚರಿತ್ರೆಯಲ್ಲಿ ಪಂಪ ಯುಗ, ಬಸವ ಯುಗ, ಕುಮಾರವ್ಯಾಸ ಯುಗ ಎಂದು ಕರೆದಾಗ ಬದಲಾದದ್ದು ಬರಿಯ ತಲೆಬರಹವಲ್ಲ. ಒಂದು ಕಾಲವನ್ನು ಅದರ ಮತದಿಂದ ಗುರುತಿಸಬೇಕೆ, ಅದರ ಶ್ರೇಷ್ಠ ಪ್ರತಿಭೆಯಿಂದ ಗುರುತಿಸಬೇಕೆ ಎಂಬ ಪ್ರಶ್ನೆಯೇ ಬದಲಾಯಿತು. ಈ ಬದಲಾವಣೆಯನ್ನು ಗುರುತಿಸುವುದು, ಪ್ರತಿಯೊಂದು ಪ್ರಶ್ನೆ ಏನನ್ನು ಕಾಣಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ತೂಗುವುದು, ಇದೇ ನೀವು ಕೇಳಿದ ತತ್ತ್ವಶಾಸ್ತ್ರದ ಕೆಲಸ.

ಪ್ರಶ್ನೆ: ಪ್ರತಿಯೊಂದು ಯುಗಕ್ಕೂ ಒಂದು ಚೇತನವಿರುತ್ತದೆ, ಆ ಯುಗದ ಸಾಹಿತ್ಯವೆಲ್ಲ ಅದರ ಅಭಿವ್ಯಕ್ತಿ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. 'ಯುಗಧರ್ಮ' ಎಂಬ ಮಾತನ್ನೂ ಬಳಸುತ್ತಿದ್ದರು. ಈಗಿನವರು ಇದನ್ನು ಒಪ್ಪುವುದಿಲ್ಲವೇಕೆ?
– ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು

ಉತ್ತರ: ತಮ್ಮ ಗುರುಗಳ ಮಾತಿನಲ್ಲಿ ಎರಡು ಬೇರೆ ಬೇರೆ ದರ್ಶನಗಳು ಕೂಡಿಕೊಂಡಿವೆ ಎಂದು ನನಗೆ ತೋರುತ್ತದೆ. ಯುಗದ ಚೇತನವೆಂಬುದು ಜರ್ಮನಿಯ ಹೆಗೆಲ್‌ನ ತತ್ತ್ವಚಿಂತನೆಯೊಂದಿಗೆ ಬಲವಾಗಿ ಬೆಸೆದುಕೊಂಡ ಕಲ್ಪನೆ. ಅವನ ಪ್ರಕಾರ ಇತಿಹಾಸವು ಸ್ವಾತಂತ್ರ್ಯದ ಅರಿವಿನ ಕಡೆಗೆ ಸಾಗುವ ಮುನ್ನಡೆ. ಕಲೆ, ಮತ, ರಾಜಕೀಯ ಇವೆಲ್ಲವೂ ಆಯಾ ಘಟ್ಟದ ಚೇತನದ ರೂಪಗಳು. ಯುಗಧರ್ಮವೆಂಬುದು ಪುರಾಣಗಳ ಮಾತು. ಅಲ್ಲಿ ಕೃತಯುಗದಿಂದ ಕಲಿಯುಗದವರೆಗೆ ಧರ್ಮ ಕುಗ್ಗುತ್ತ ಬಂದು, ಚಕ್ರ ಮತ್ತೆ ತಿರುಗುತ್ತದೆ. ಒಂದರಲ್ಲಿ ಕಾಲ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಕೀರ್ತಿನಾಥ ಕುರ್ತಕೋಟಿಯವರು 1962ರ ತಮ್ಮ ವಿಮರ್ಶಾ ಗ್ರಂಥದ ಹೆಸರಿನಲ್ಲಿಯೇ 'ಯುಗಧರ್ಮ'ವನ್ನು ಇಟ್ಟುಕೊಂಡ ಮೇಲೆ ಈ ಮಾತು ನಮ್ಮಲ್ಲಿ ಮನೆಮಾತಾಯಿತು. ಪಂಪ ಯುಗ, ನವೋದಯ ಯುಗ ಎಂದು ನಾವು ಸಲೀಸಾಗಿ ಹೇಳುವಾಗ ಏರುವ ಕಾಲದ ಮಾತನ್ನಾಡುತ್ತಿದ್ದೇವೆಯೇ ಇಳಿಯುವ ಕಾಲದ ಮಾತನ್ನಾಡುತ್ತಿದ್ದೇವೆಯೇ ಎಂಬುದನ್ನು ಗಮನಿಸುವವರು ಕಡಿಮೆ. ಹಳಗನ್ನಡದ ಪ್ರೌಢಿಮೆ ಮುಂದೆ ಕ್ಷೀಣಿಸಿತು ಎನ್ನುವವರು ಒಂದು ಕಾಲಕಲ್ಪನೆಯಲ್ಲಿದ್ದಾರೆ. ಕನ್ನಡ ಜನರ ಬಳಿಗೆ ಬರುತ್ತ ಹೋಯಿತು ಎನ್ನುವವರು ಇನ್ನೊಂದರಲ್ಲಿದ್ದಾರೆ. ಇಬ್ಬರ ಕೈಯಲ್ಲಿರುವುದೂ ಅದೇ ಕವಿಗಳ ಪಟ್ಟಿ.

ಒಪ್ಪದಿರಲು ಕಾರಣ ಕವಿಗಳಲ್ಲಿಯೇ ಇದೆ. ಬಸವ ಯುಗವೆಂದು ಕರೆಯುವ ಕಾಲದ ನಡುವೆ, 1209ರಲ್ಲಿ ಜೈನ ಕವಿ ಜನ್ನನು 'ಯಶೋಧರ ಚರಿತೆ'ಯನ್ನು ಮುಗಿಸಿದ. ಶಿವಶರಣರ ಕತೆಗಳನ್ನು ಹಾಡಿದ ಹರಿಹರನ ರಗಳೆಯ ಚೇತನವೂ ಜನ್ನನ ಕಂದಗಳ ಚೇತನವೂ ಒಂದೇ ಎನ್ನಲು ಸಾಧ್ಯವಿಲ್ಲ. ಕುಮಾರವ್ಯಾಸ ಯುಗವೆನ್ನುವ ಅವಧಿಯಲ್ಲಿಯೇ, 16ನೆಯ ಶತಮಾನದಲ್ಲಿ, ಕರಾವಳಿಯ ಜೈನ ಕವಿ ರತ್ನಾಕರವರ್ಣಿಯು 'ಭರತೇಶ ವೈಭವ'ವನ್ನು ಸಾಂಗತ್ಯವೆಂಬ ಹಾಡುವ ಛಂದಸ್ಸಿನಲ್ಲಿ ಹಾಡಿದ. ಒಂದು ಕಾಲದಲ್ಲಿ ಹಲವು ಕಾಲಗಳು ಒಟ್ಟಿಗೆ ಬಾಳುತ್ತವೆ. ಒಬ್ಬ ಕವಿ ನಾಳಿನ ಛಂದಸ್ಸಿನಲ್ಲಿ ನಿನ್ನೆಯ ದರ್ಶನವನ್ನು ಹೇಳಬಲ್ಲ. ಇದಲ್ಲದೆ, ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ಭಾರತವನ್ನು ಇತಿಹಾಸವಿಲ್ಲದ, ಕನಸಿನ ಲೋಕವೆಂಬಂತೆ ವರ್ಣಿಸಿದ್ದನೆಂಬುದನ್ನು ನಾವು ಮರೆಯಲಾಗದು. ಯಾರ ಅಳತೆಗೋಲಿನಲ್ಲಿ ನಮಗೆ ಜಾಗವೇ ಇರಲಿಲ್ಲವೋ ಅವರ ಅಳತೆಗೋಲನ್ನು ಎತ್ತಿಕೊಳ್ಳುವಾಗ ಅದರ ಗುರುತುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಹಾಗೆಂದು ತಮ್ಮ ಗುರುಗಳ ಪಾಠ ವ್ಯರ್ಥವಾಯಿತೆಂದು ನಾನು ತಿಳಿಯುವುದಿಲ್ಲ. ಕೃತಿಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಾಗಿ ನೋಡುವ ಅಭ್ಯಾಸವನ್ನು ನಮ್ಮ ತಲೆಮಾರಿಗೆ ಕಲಿಸಿದ್ದು ಆ ಕಲ್ಪನೆಯೇ.

ಪ್ರಶ್ನೆ: ನವ್ಯ ಸಾಹಿತ್ಯವು ಪಶ್ಚಿಮದ ಅಸ್ತಿತ್ವವಾದದ ನಕಲು ಎಂದು ಕೆಲವರು ಹೇಳುತ್ತಾರೆ. ಅದರ ಬೇರುಗಳು ನಮ್ಮ ಪರಂಪರೆಯಲ್ಲಿಯೇ ಇವೆಯೆಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಈ ಜಗಳ ನವ್ಯಕ್ಕಿಂತ ಬಹಳ ಹಳೆಯದು. ನಮ್ಮ ಪ್ರಾಚೀನ ದರ್ಶನಗಳಲ್ಲಿ ಸಾಂಖ್ಯರಿಗೂ ನ್ಯಾಯದರ್ಶನದವರಾದ ನೈಯಾಯಿಕರಿಗೂ ನಡುವೆ ಇದೇ ವಾದ ಶತಮಾನಗಳ ಕಾಲ ನಡೆದಿದೆ. ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಅಡಗಿರುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ. ಎಳ್ಳಿನಲ್ಲಿ ಎಣ್ಣೆ ಇರುವುದರಿಂದಲೇ ಗಾಣದಲ್ಲಿ ಎಣ್ಣೆ ಬರುತ್ತದೆ, ಮರಳನ್ನು ಎಷ್ಟು ಅರೆದರೂ ಬಾರದು. ಕಾರ್ಯವೆಂಬುದು ಹಿಂದೆ ಇಲ್ಲದೆ ಹೊಸತಾಗಿ ಹುಟ್ಟುವ ವಸ್ತು ಎಂಬುದು ನ್ಯಾಯ-ವೈಶೇಷಿಕರ ಅಸತ್ಕಾರ್ಯವಾದ. ನೂಲಿನಲ್ಲಿ ಬಟ್ಟೆ ಮೊದಲೇ ಇದ್ದಿದ್ದರೆ ನೇಯುವ ಶ್ರಮವೇಕೆ, ನೂಲನ್ನೇ ಉಡಬಹುದಾಗಿತ್ತಲ್ಲವೆ? ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ 'ಇದರ ಬೀಜ ಅಲ್ಲಿತ್ತು', 'ಮುಂದೆ ಅದು ಹೆಮ್ಮರವಾಯಿತು' ಎಂಬ ವಾಕ್ಯಗಳನ್ನು ಕಂಡಾಗಲೆಲ್ಲ ಅದನ್ನು ಬರೆದವರು ತಮಗೆ ತಿಳಿಯದಂತೆ ಸತ್ಕಾರ್ಯವಾದಿಗಳಾಗಿದ್ದಾರೆ ಎಂದು ನಾನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. 'ಸಂಪೂರ್ಣ ಹೊಸ ದಾರಿ', 'ಪರಂಪರೆಯಿಂದ ಬಿಡುಗಡೆ' ಎಂದು ಬರೆದವರು ಇನ್ನೊಂದು ಪಕ್ಷದವರು. ಬೀಜ ಮತ್ತು ಮರದ ಹೋಲಿಕೆಯಲ್ಲಿ ಒಂದು ಅಪಾಯವಿದೆ. ಮರ ಕಂಡ ಮೇಲೆ ಎಲ್ಲರಿಗೂ ಬೀಜ ಕಾಣುತ್ತದೆ. ಮೊಳೆಯದೆ ಹೋದ ನೂರು ಬೀಜಗಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ.

ನ್ಯಾಯದವರು ಇಲ್ಲಿ ನಮಗೆ ಇನ್ನೂ ಒಂದು ಉಪಕಾರ ಮಾಡಿದ್ದಾರೆ. ಕಾರಣವೆಂಬುದು ಒಂದೇ ಬಗೆಯದಲ್ಲ. ಬಟ್ಟೆಗೆ ನೂಲು ಸಮವಾಯಿ ಕಾರಣ, ಎಂದರೆ ಅದು ಯಾವುದರಿಂದ ಆಗಿದೆಯೋ ಆ ವಸ್ತು. ನೂಲೆಳೆಗಳ ಪರಸ್ಪರ ಸಂಯೋಗ ಅಸಮವಾಯಿ ಕಾರಣ. ಮಗ್ಗ, ಲಾಳಿ, ನೇಕಾರ ಇವೆಲ್ಲ ನಿಮಿತ್ತ ಕಾರಣ. ನಮ್ಮ ವಿಮರ್ಶೆಯಲ್ಲಿ 'ಪ್ರಭಾವ' ಎಂಬ ಒಂದೇ ಪದ ಈ ಮೂರರ ಕೆಲಸವನ್ನೂ ಮಾಡಬೇಕಾಗಿ ಬಂದು ಸವೆದುಹೋಗಿದೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ತೆಗೆದುಕೊಳ್ಳೋಣ. ಅದು ಪ್ರಕಟವಾದದ್ದು 1965ರಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸ್ವೀಡನ್ನಿನ ಬರ್ಗ್‌ಮನ್ನರ 'ಸೆವೆಂತ್ ಸೀಲ್' ಚಲನಚಿತ್ರವನ್ನು ನೋಡಿದ್ದೇ ಇದನ್ನು ಬರೆಯಲು ಪ್ರೇರಣೆಯಾಯಿತೆಂದು ಲೇಖಕರೇ ಹೇಳಿಕೊಂಡಿದ್ದಾರೆ. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಅಸ್ತಿತ್ವವಾದದೊಡನೆ ಕೇಳಿಬರುವ ಫ್ರೆಂಚ್ ಲೇಖಕರಾದ ಸಾರ್ತ್ರ್, ಕಾಮು ಇವರ ಹೆಸರುಗಳು ಎಲ್ಲರ ಬಾಯಲ್ಲಿದ್ದವು. ಆಯ್ಕೆಯ ಹೊಣೆಯನ್ನು ಯಾವ ಗ್ರಂಥವೂ ತನ್ನ ಮೇಲೆ ಹೊತ್ತುಕೊಳ್ಳಲಾರದು, ಮನುಷ್ಯನೇ ಹೊರಬೇಕು ಎಂಬ ವಿಚಾರ ಕಾದಂಬರಿಯಲ್ಲಿ ಸ್ಪಷ್ಟವಾಗಿ ಇದೆ. ಇವೆಲ್ಲ ಮಗ್ಗ ಮತ್ತು ಲಾಳಿ.

ನೂಲು ಯಾವುದು? ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಹೆಣ ಅಗ್ರಹಾರದಲ್ಲಿದೆ, ಸಂಸ್ಕಾರ ಮಾಡುವವರು ಯಾರು ಎಂಬುದಕ್ಕೆ ಧರ್ಮಶಾಸ್ತ್ರ ಬಲ್ಲ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿ ಉತ್ತರ ಸಿಗುತ್ತಿಲ್ಲ. ಈ ಇಕ್ಕಟ್ಟು ಪ್ಯಾರಿಸ್ಸಿನಲ್ಲಿ ಹುಟ್ಟಲಾರದು. ಸಾವಿನ ಸೂತಕವಾದ ಆಶೌಚದ ನಿಯಮ, ಹೆಣ ಎತ್ತುವವರೆಗೆ ಯಾರೂ ಉಣ್ಣಬಾರದೆಂಬ ಕಟ್ಟಳೆ, ಪ್ರಾಯಶ್ಚಿತ್ತದ ಚರ್ಚೆ, ಇವು ಮಲೆನಾಡಿನ ಅಗ್ರಹಾರದ ಬದುಕಿನಿಂದ ಬಂದ ಎಳೆಗಳು. ಹಾಗಾದರೆ ಕಾದಂಬರಿ ನಮ್ಮದೇ, ನಕಲಲ್ಲ ಎಂದು ಎರಡನೆಯ ಪಕ್ಷಕ್ಕೆ ಗೆಲುವು ಕೊಡಬಹುದೆ? ಅದೂ ಅವಸರವಾಗುತ್ತದೆ. ಅದೇ ನೂಲು ಶತಮಾನಗಳಿಂದ ಇತ್ತು, ಆದರೂ ಇಂಥ ಬಟ್ಟೆಯನ್ನು ಯಾರೂ ನೇಯ್ದಿರಲಿಲ್ಲ. ಹೀಗಾಗಿ ಎಳೆಗಳು ಯಾವ ಬಗೆಯಲ್ಲಿ ಹೆಣೆದುಕೊಂಡವು, ಧರ್ಮಶಾಸ್ತ್ರದ ಪ್ರಶ್ನೆ ಯಾವ ಪುಟದಲ್ಲಿ ಒಬ್ಬ ಮನುಷ್ಯನ ಒಳಗಿನ ಪ್ರಶ್ನೆಯಾಗಿ ತಿರುಗಿತು ಎಂಬ ಅಸಮವಾಯಿ ಕಾರಣದ ವಿಚಾರಣೆಯೇ ಚರಿತ್ರಕಾರನಿಗೆ ಉಳಿಯುವ ನಿಜವಾದ ಕೆಲಸ. ನಕಲೋ ಸ್ವಂತವೋ ಎಂಬ ಪ್ರಶ್ನೆಯನ್ನು ಕೈಬಿಟ್ಟು ಕಾದಂಬರಿಯನ್ನು ಇನ್ನೊಮ್ಮೆ ಓದಿ ನೋಡಬೇಕೆಂದು ನಿಮ್ಮಲ್ಲಿ ವಿನಂತಿಸುತ್ತೇನೆ.

ಪ್ರಶ್ನೆ: 'ಕವಿರಾಜಮಾರ್ಗ'ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ವಿವಾದ ಇನ್ನೂ ಏಕೆ ಕೇಳಿಬರುತ್ತದೆ? ಕರ್ತೃ ಯಾರೆಂದು ತಿಳಿಯುವುದು ಅಷ್ಟು ಮುಖ್ಯವೆ?
– ಸಂಶೋಧನ ವಿದ್ಯಾರ್ಥಿ, ಕಲಬುರಗಿ

ಉತ್ತರ: 9ನೆಯ ಶತಮಾನದ ಈ ಗ್ರಂಥವನ್ನು ಕೆ. ಬಿ. ಪಾಠಕರು 1898ರಲ್ಲಿ ಪ್ರಕಟಿಸಿದಾಗ ರಾಷ್ಟ್ರಕೂಟ ದೊರೆ ನೃಪತುಂಗನೇ ಕರ್ತೃ ಎಂದರು. ಗ್ರಂಥದೊಳಗೆ 'ನೃಪತುಂಗದೇವಾನುಮತ' ಎಂದಿರುವುದರಿಂದ, ಅರಸನ ಸಮ್ಮತಿ ಪಡೆದು ಶ್ರೀವಿಜಯನು ರಚಿಸಿದ್ದೆಂಬ ಅಭಿಪ್ರಾಯ ಮುಂದೆ ಬಲವಾಯಿತು, ನನಗೂ ಅದೇ ಸರಿಯೆನಿಸುತ್ತದೆ. ಆದರೆ ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಒಂದು ಕೃತಿಗೆ ಒಬ್ಬನೇ ಒಡೆಯನಿರಬೇಕು, ಅವನ ಒಳಮನಸ್ಸು ಕೃತಿಯಲ್ಲಿ ಹರಿದಿರಬೇಕು ಎಂಬುದು ಈಚಿನ ಶತಮಾನಗಳ ನಂಬಿಕೆ. 'ಅನುಮತ' ಎಂಬ ಪದ ಬಂದ ಲೋಕದಲ್ಲಿ ಗ್ರಂಥದ ಅಧಿಕಾರವು ಬರೆದ ಕೈಗಿಂತ ಹೆಚ್ಚಾಗಿ ಒಪ್ಪಿಗೆ ಕೊಟ್ಟ ಸಿಂಹಾಸನದಿಂದ ಬರುತ್ತಿದ್ದಿರಬೇಕು. 1969ರಲ್ಲಿ ಫ್ರಾನ್ಸಿನ ಮಿಶೆಲ್ ಫೂಕೋ ಕರ್ತೃ ಎಂದರೇನು ಎಂದು ಕೇಳಿ, ಕರ್ತೃತ್ವವೆಂಬುದು ಬರಹಗಳನ್ನು ಗುಂಪು ಮಾಡಲು, ಹೊಣೆಗಾರಿಕೆ ಹೊರಿಸಲು ಸಮಾಜ ಬಳಸುವ ಒಂದು ವ್ಯವಸ್ಥೆ, ಅದು ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂದ.

ಕನ್ನಡದಷ್ಟು ಚೆನ್ನಾಗಿ ಈ ವಿಚಾರವನ್ನು ಪರೀಕ್ಷಿಸಬಲ್ಲ ಸಾಹಿತ್ಯ ಅಪರೂಪವೆಂದು ನಾನು ನಂಬುತ್ತೇನೆ. ಗದುಗಿನ ಕವಿ 'ವೀರನಾರಾಯಣನೆ ಕವಿ ಲಿಪಿಕಾರ ಕುವರವ್ಯಾಸ' ಎನ್ನುತ್ತಾನೆ. ಇದನ್ನು ವಿನಯದ ಮಾತೆಂದು ಟಿಪ್ಪಣಿ ಬರೆದು ಮುಂದೆ ಹೋಗುವುದು ಸುಲಭ. ಆದರೆ ಭಕ್ತಿಯ ದರ್ಶನದಲ್ಲಿ ಕರ್ತೃತ್ವವನ್ನು ದೇವರಿಗೆ ಒಪ್ಪಿಸುವುದು ತತ್ತ್ವದ ನಿಲುವು. ತಾನು ಬರಿಯ ಲಿಪಿಕಾರನೆಂದು ನಂಬಿದವನೇ ಹಲಗೆ ಬಳಪ ಹಿಡಿಯದೆ, ಪದವಿಟ್ಟು ಅಳಿಸದೆ ಹಾಡಿದೆನೆಂದು ಅಷ್ಟು ಧೈರ್ಯದಿಂದ ಹೇಳಿಕೊಳ್ಳಬಲ್ಲ. ವಚನಗಳಲ್ಲಿ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿ ಕೊನೆಗೆ ಬರುವುದು ಬರೆದವರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಕೂಡಲಸಂಗಮದೇವ ಎಂಬ ಅಂಕಿತದಿಂದ ಬಸವಣ್ಣನವರನ್ನೂ ಚೆನ್ನಮಲ್ಲಿಕಾರ್ಜುನ ಎಂಬುದರಿಂದ ಅಕ್ಕನನ್ನೂ ಗುರುತಿಸುತ್ತೇವೆ. ಸಹಿ ಹಾಕುವ ಜಾಗದಲ್ಲಿ ಸಂಬೋಧನೆ ಇದೆ.

ಆ ವಚನಗಳನ್ನು ಓದಿದವರು ಒಂದೊಂದು ಕಾಲಕ್ಕೆ ಒಂದೊಂದು ಪ್ರಶ್ನೆಯನ್ನು ತಂದರು. 15ನೆಯ ಶತಮಾನದ 'ಶೂನ್ಯಸಂಪಾದನೆ'ಯು ವಚನಗಳನ್ನು ಶರಣರ ಸಂವಾದವಾಗಿ ಹೆಣೆಯಿತು. ಅಲ್ಲಿಯ ಪ್ರಶ್ನೆ ಅನುಭಾವದ್ದು. 1923ರಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಗ್ರಹಿಸಿ ಅಚ್ಚಿಗೆ ತಂದ ಗ್ರಂಥಕ್ಕೆ 'ವಚನಶಾಸ್ತ್ರಸಾರ' ಎಂದು ಹೆಸರಿಟ್ಟರು. ಅವರಿಗೆ ಅದು ಶಾಸ್ತ್ರ. ನಮ್ಮ ಪಠ್ಯಗಳಲ್ಲಿ ಅದು 'ವಚನ ಸಾಹಿತ್ಯ'. ತಾಳಮಾನವನ್ನಾಗಲಿ ಅಮೃತಗಣ ದೇವಗಣಗಳನ್ನಾಗಲಿ ಅರಿಯೆನೆಂದು ಹೇಳಿದ ಬಸವಣ್ಣನವರು ಸಾಹಿತ್ಯವೆಂಬ ಈ ಹೆಸರನ್ನು ಬೇಡಿದವರಲ್ಲ. ಜರ್ಮನಿಯ ಹಾನ್ಸ್ ರಾಬರ್ಟ್ ಯೌಸ್ 1967ರಲ್ಲಿ, ಕೃತಿ ಹುಟ್ಟಿದ ಗಳಿಗೆಯಷ್ಟೇ ಮುಖ್ಯವಾಗಿ ಓದುಗರ ನಿರೀಕ್ಷೆಗಳು ಬದಲಾದ ಬಗೆಯನ್ನೂ ಸಾಹಿತ್ಯ ಚರಿತ್ರೆ ದಾಖಲಿಸಬೇಕೆಂದು ವಾದಿಸಿದರು. ಕರ್ತೃವನ್ನು ಹುಡುಕುವ ಶ್ರಮದಲ್ಲಿ ಅರ್ಧದಷ್ಟನ್ನು ಈ ಓದುಗರನ್ನು ಹುಡುಕಲು ಮೀಸಲಿಟ್ಟರೆ ನಿಮ್ಮ ಪ್ರಬಂಧಕ್ಕೆ ಬೇರೆಯದೇ ತೂಕ ಬರುತ್ತದೆ.

ಪ್ರಶ್ನೆ: ನೋಡುವ ಪ್ರಶ್ನೆ ಬದಲಾದಂತೆ ಚರಿತ್ರೆ ಬದಲಾಗುವುದಾದರೆ, ಯಾರು ಏನು ಬರೆದರೂ ಚರಿತ್ರೆಯೇ ಆಗಿಬಿಡುತ್ತದಲ್ಲವೆ?
– ಪ್ರೌಢಶಾಲಾ ಶಿಕ್ಷಕರು, ಶಿವಮೊಗ್ಗ

ಉತ್ತರ: ಇಲ್ಲ. ಈ ಆತಂಕಕ್ಕೆ ಜೈನ ತರ್ಕದಲ್ಲಿ ಒಳ್ಳೆಯ ಸಮಾಧಾನವಿದೆ. ವಸ್ತುವಿಗೆ ಅನೇಕ ಮುಖಗಳಿವೆ, ಒಂದು ಮುಖದಿಂದ ನೋಡುವ ನೋಟಕ್ಕೆ 'ನಯ' ಎಂದು ಹೆಸರು. ಉಳಿದ ಮುಖಗಳನ್ನು ಅಲ್ಲಗಳೆಯುವ ನಯ 'ದುರ್ನಯ'ವಾಗುತ್ತದೆ. ಪಂಪನಿಂದ ಮೊದಲುಗೊಂಡು ನಮ್ಮ ಜೈನ ಕವಿಗಳು ಭಕ್ತಿಯಿಂದ ಸ್ಮರಿಸುವ ಸಮಂತಭದ್ರಾಚಾರ್ಯರು, ನಿರಪೇಕ್ಷವಾದ ನಯಗಳು ಮಿಥ್ಯೆ, ಒಂದನ್ನೊಂದು ಅಪೇಕ್ಷಿಸುವ ನಯಗಳೇ ಪ್ರಯೋಜನಕಾರಿ ಎಂದು ಸಂಸ್ಕೃತದಲ್ಲಿ ಸೂತ್ರದಂತೆ ಹೇಳಿದ್ದಾರೆ. ಅನೇಕಾಂತವೆಂದರೆ ಎಲ್ಲವೂ ಸರಿ ಎಂದಲ್ಲ. ನೋಡುವವನು ತಾನು ನಿಂತ ಜಾಗವನ್ನು ಹೇಳಬೇಕು, ನೋಡಿದ ವಸ್ತು ಎದುರಿಗಿರಬೇಕು.

ಉದಾಹರಣೆ ಕೊಡುತ್ತೇನೆ. ತೆಲಂಗಾಣದ ಕರೀಂನಗರ ಸೀಮೆಯಲ್ಲಿ, ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ 10ನೆಯ ಶತಮಾನದ ಶಾಸನವಿದೆ. ಅದು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಕನ್ನಡ ಸಾಹಿತ್ಯ ಚರಿತ್ರೆಗೆ ಅದು ಆದಿಕವಿಯ ಕುಟುಂಬದ ಸಾಕ್ಷ್ಯ. ತೆಲುಗು ಸಾಹಿತ್ಯ ಚರಿತ್ರೆಗೆ ಆ ಭಾಷೆಯ ಪ್ರಾಚೀನ ಕಂದಪದ್ಯಗಳ ಸಾಕ್ಷ್ಯ. ಎರಡೂ ನಯಗಳೇ. ಆದರೆ ನಮ್ಮ ಪುಸ್ತಕ ತೆಲುಗು ಭಾಗವನ್ನೂ ಅವರ ಪುಸ್ತಕ ಕನ್ನಡ ಭಾಗವನ್ನೂ ಹೇಳದೆ ಬಿಟ್ಟರೆ, ಮೂರು ನುಡಿಗಳನ್ನು ಒಂದೇ ಬಂಡೆಯ ಮೇಲೆ ಇರಿಸಿದವನ ಮನಸ್ಸು ಇಬ್ಬರಿಗೂ ಸಿಗುವುದಿಲ್ಲ. ಒಂದು ಭಾಷೆಗೆ ಒಂದು ಸಾಹಿತ್ಯ, ಒಂದು ಸಾಹಿತ್ಯಕ್ಕೆ ಒಂದು ಚರಿತ್ರೆ ಎಂಬ ನಮ್ಮ ಲೆಕ್ಕವನ್ನು ಜಿನವಲ್ಲಭ ಬಲ್ಲವನಲ್ಲ. ಇನ್ನು ಬಂಡೆಯ ಮೇಲಿನ ಅಕ್ಷರಗಳು ಯಾರ ನಯಕ್ಕೂ ಬದಲಾಗುವುದಿಲ್ಲ. ಅವುಗಳಿಗೆ ವಿರುದ್ಧವಾಗಿ ಬರೆದದ್ದು ಚರಿತ್ರೆಯಾಗಲಾರದು.

ಪ್ರಶ್ನೆ: ನಾನು ಸಂಶೋಧಕಿಯಲ್ಲ, ಹಳಗನ್ನಡ ಕಾವ್ಯವನ್ನು ಗದ್ಯಾನುವಾದದ ನೆರವಿನಿಂದ ಓದುವವಳು. ಕಾವ್ಯವನ್ನು ಸವಿಯಲು ಕವಿಯ ದರ್ಶನವನ್ನೂ ತಿಳಿದಿರಬೇಕೆ? 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಗೆ ಅಷ್ಟು ದೊಡ್ಡ ಶಿಕ್ಷೆ ಏಕೆಂದು ನನಗೆ ಅರ್ಥವಾಗಲಿಲ್ಲ.
– ಗೃಹಿಣಿ, ಮಂಗಳೂರು

ಉತ್ತರ: ಕತೆ ತಿಳಿಯದ ಓದುಗರಿಗಾಗಿ ಎರಡು ಮಾತು. ಮಡದಿ ಅಮೃತಮತಿ ಮಾವುತ ಅಷ್ಟಾವಂಕನನ್ನು ಕೂಡುವುದನ್ನು ಕಂಡ ಯಶೋಧರನು ಕೊಲ್ಲದೆ ಹಿಂದಿರುಗಿ, ತಾಯಿಗೆ ಕೆಟ್ಟ ಕನಸೆಂದು ಹೇಳುತ್ತಾನೆ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡೆನ್ನುತ್ತಾಳೆ. ಜೀವಹತ್ಯೆ ಒಲ್ಲದ ಮಗ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ; ಅದು ಕೂಗುತ್ತದೆ. ಮುಂದೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ನವೆಯುತ್ತಾರೆ.

ಸವಿಯಲು ದರ್ಶನದ ಅರಿವು ಬೇಕೇ ಬೇಕೆಂದು ನಾನು ಹೇಳುವುದಿಲ್ಲ. ಆ ಕೂಗು ಕೇಳಿದಾಗ ಮೈ ಜುಮ್ಮೆನ್ನದವರಿಲ್ಲ. ಆದರೆ ನಿಮ್ಮನ್ನು ಕಾಡಿದ ಪ್ರಶ್ನೆಯೇ ಜನ್ನನದೂ ಆಗಿತ್ತು, ಮತ್ತು ಅದಕ್ಕೆ ಉತ್ತರ ಜೈನ ದರ್ಶನದಲ್ಲಿದೆ. ಜೈನರು ಹಿಂಸೆಯಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಎಂದು ಭೇದ ಮಾಡುತ್ತಾರೆ. ಪ್ರಾಣ ಹೋದರೆ ಮೊದಲನೆಯದು. ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಹುಟ್ಟಿದರೆ, ಎದುರಿಗೆ ಪ್ರಾಣವೇ ಇಲ್ಲದಿದ್ದರೂ, ಎರಡನೆಯದು. ಕರ್ಮ ಅಂಟಿಕೊಳ್ಳುವುದು ಆ ಸಂಕಲ್ಪಕ್ಕೆ. ಕೋಳಿ ಹಿಟ್ಟಿನದು, ಕತ್ತಿಯನ್ನೆತ್ತಿದ ಮನಸ್ಸು ಹಿಟ್ಟಿನದಲ್ಲ. ಇಷ್ಟು ತಿಳಿದ ಮೇಲೆ ಶಿಕ್ಷೆ ದೊಡ್ಡದೋ ಸಣ್ಣದೋ ಎಂಬ ಲೆಕ್ಕ ಹಿಂದೆ ಸರಿದು, ಮಾವುತನ ಮೇಲೆ ಬೀಳದೆ ಹೋದ ಕತ್ತಿ ಕೋಳಿಯ ಮೇಲೆ ಏಕೆ ಬಿತ್ತು ಎಂಬ ಬೇರೆ ಪ್ರಶ್ನೆ ಏಳುತ್ತದೆ. ಇದು ಜನ್ನನ ಕಾವ್ಯದ ಕೇಂದ್ರವೆಂದು ನನಗೆ ಅನಿಸುತ್ತದೆ. ಈ ಕತೆಯನ್ನು ಸೋಮದೇವನು 959ರಲ್ಲಿ ಸಂಸ್ಕೃತದ 'ಯಶಸ್ತಿಲಕ'ದಲ್ಲಿ ಹೇಳಿದ್ದ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕದಲ್ಲಿ ಮತ್ತೆ ಎತ್ತಿಕೊಂಡರು. ನಿಮಗೆ ಬಿಡುವಾದಾಗ ಜನ್ನನ ಪಕ್ಕದಲ್ಲಿ ಆ ನಾಟಕವನ್ನಿಟ್ಟು ಓದಿ, ಕೋಳಿ ಕೂಗುವ ಸನ್ನಿವೇಶ ಬಂದಾಗ ಇಬ್ಬರೂ ಯಾರ ಮುಖವನ್ನು ನಮಗೆ ತೋರಿಸುತ್ತಾರೆಂಬುದನ್ನು ಗಮನಿಸಿ, ನಿಮಗೆ ಕಂಡದ್ದನ್ನು ನನಗೂ ಬರೆದು ತಿಳಿಸಿ.